ಎಣ್ಣೆ ಕೈ

"ಸಾರ್, ಆ ಚೀಟೀನ ಸ್ವಲ್ಪ ಲೈಟಿಗೆ ಹಿಡೀರಿ," ಅಂದ ಪರಮೇಶ.

ಎಣಿಕೆ ಮೇಜಿನ ಆಚೆ ಕೂತಿದ್ದ ಅಧಿಕಾರಿ ಮತಪತ್ರವನ್ನು ಟ್ಯೂಬ್‌ಲೈಟಿನ ಕಡೆಗೆ ಎತ್ತಿದರು. ಏಣಿಯ ಚಿತ್ರದ ಎದುರು ಮುದ್ರೆ ನೆಟ್ಟಗೆ ಬಿದ್ದಿತ್ತು. ಆದರೆ ಕಾಗದದ ಅಂಚಿನಲ್ಲಿ ಹೆಬ್ಬೆರಳಗಲದ ಒಂದು ಕಲೆ. ಅಷ್ಟು ಜಾಗದಲ್ಲಿ ಮಾತ್ರ, ಬೋಂಡ ಸುತ್ತಿಕೊಟ್ಟ ಪೇಪರಿನ ಹಾಗೆ, ಬೆಳಕು ಆಚೆಯಿಂದ ಈಚೆಗೆ ಹಾಯುತ್ತಿತ್ತು.

"ಗುರುತು ಸಾರ್. ಓಟು ಹಾಕ್ದೋರು ಯಾರು ಅಂತ ಗೊತ್ತಾಗೋ ಗುರುತಿದ್ರೆ ಆ ಓಟು ಕ್ಯಾನ್ಸಲ್ಲು ಅಂತ ಬೆಳಿಗ್ಗೆ ನೀವೇ ಓದಿ ಹೇಳಿದ್ರಿ."

ಪರಮೇಶ ಗಂಗರಾಜುವಿನ ಏಜೆಂಟು. ಗಂಗರಾಜು ಕೊಬ್ಬರಿ ವ್ಯಾಪಾರಿ. ಬಿಳಿಗೆರೆ ಕಡೆಯ ಆ ಊರಿಗೆ ಎರಡು ಸಲ ಗ್ರಾಮ ಪಂಚಾಯಿತಿ ಮೆಂಬರಾಗಿದ್ದವನು, ಈಗ ಮೂರನೇ ಸಲ ನಿಂತಿದ್ದ. ಅವನ ಎದುರು ಏಣಿ ಗುರುತಿಗೆ ನಿಂತಿದ್ದವಳು ಹೊಂಬಾಳಮ್ಮ, ಅವನದೇ ಮಂಡಿಯಲ್ಲಿ ಕೊಬ್ಬರಿ ಸುಲಿಯುವ ಹೆಂಗಸು. ಅವಳಿದ್ದ ಕೆಳಗಿನ ಬೀದಿಗೆ ಅವನು ನಲ್ಲಿ ಹಾಕಿಸಿ ಆರು ವರ್ಷವಾಗಿತ್ತು. ನಲ್ಲಿ ಇತ್ತು, ನೀರಿರಲಿಲ್ಲ. ಇಪ್ಪತ್ತು ಹೆಂಗಸರು ಸೇರಿ, "ನೀನೇ ನಿಂತ್ಕ ಕಣೇ, ನಿಂಗೆ ಬಾಯಿ ಐತೆ," ಅಂತ ಅವಳನ್ನು ಮುಂದೆ ತಳ್ಳಿದ್ದರು.

ಎಣಿಕೆ ಮೇಜಿನ ಸುತ್ತ ಕಟ್ಟಿದ್ದ ಜಾಲರಿಯ ಈಚೆ ನಿಂತ ಹೊಂಬಾಳಮ್ಮ ಆ ಕಲೆಯನ್ನು ನೋಡಿದಳು. ಹೆಬ್ಬೆರಳಿನ ಗುರುತು, ನಡುವೆ ಅಡ್ಡಕ್ಕೆ ಒಂದು ಸೀಳು. ಆ ಬೆರಳು ಅವಳಿಗೆ ಗೊತ್ತು. ಹದಿನೈದು ವರ್ಷದ ಹಿಂದೆ ಮಂಡಿಯಲ್ಲಿ ಮಚ್ಚು ಜಾರಿ, ಜೊತೆಗೆ ಸುಲಿಯುತ್ತಿದ್ದ ಚಿಕ್ಕಗೌರಮ್ಮನ ಹೆಬ್ಬೆರಳು ಸೀಳಿದಾಗ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ.

"ಸಾರ್, ಗುರುತು ಅಂದ್ರಲ್ಲ," ಅಂದಳು ಹೊಂಬಾಳಮ್ಮ. "ಅದು ಯಾರ ಗುರುತು ಅಂತ ಹೇಳ್ಬುಡಿ, ನಾನು ಸುಮ್ಕಾಯ್ತೀನಿ."

"ಕೂಗಾಡ್ಬೇಡಿ ಅಮ್ಮ."

"ಕೂಗ್ತಿಲ್ಲ ಸಾಮಿ, ಕೇಳ್ತಿವ್ನಿ. ನಿಮ್ಗೂ ಗೊತ್ತಿಲ್ಲ, ಅವ್ನಿಗೂ ಗೊತ್ತಿಲ್ಲ ಅಂದ್ಮೇಲೆ ಅದು ಗುರುತು ಹೆಂಗಾಯ್ತದೆ?"

ಅಧಿಕಾರಿ ಪಕ್ಕದವರ ಮುಖ ನೋಡಿದರು. ಪಕ್ಕದವರು ಗಡಿಯಾರ ನೋಡಿದರು. ಇನ್ನೂ ಆರು ಊರಿನ ಪೆಟ್ಟಿಗೆ ಬಾಕಿ ಇತ್ತು. ಚೀಟಿ ತಿರಸ್ಕೃತದ ಕಂತೆಗೆ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಒಟ್ಟು ಹತ್ತೊಂಬತ್ತು. ಹತ್ತೊಂಬತ್ತೂ ಏಣಿಯ ಓಟು. ಗಂಗರಾಜುವಿಗೆ ಇನ್ನೂರ ಹನ್ನೆರಡು, ಹೊಂಬಾಳಮ್ಮನಿಗೆ ಇನ್ನೂರ ಒಂದು. ಹೊರಗೆ ಪಟಾಕಿ ಹೊಡೆದರು.

ಹೊಂಬಾಳಮ್ಮನಿಗೆ ಸೋತದ್ದಕ್ಕಿಂತ ಹೆಚ್ಚು ಕಾಡಿದ್ದು ಪರಮೇಶನ ಮಾತು. ಮೊದಲ ಚೀಟಿ ಬಿಚ್ಚಿದ ಕೂಡಲೇ, ಕಲೆ ಯಾರ ಕಣ್ಣಿಗೂ ಬೀಳುವ ಮುಂಚೆ, ಲೈಟಿಗೆ ಹಿಡೀರಿ ಅಂತ ಅವನಿಗೆ ಹೊಳೆದದ್ದು ಹೇಗೆ? ಕಾಯುತ್ತ ಕೂತಿದ್ದವನ ಹಾಗೆ ಕೇಳಿದ್ದ.

ಉತ್ತರ ಸಿಕ್ಕಿದ್ದು ತಮ್ಮ ಬೀದಿಗೆ ವಾಪಸ್ ಬಂದ ಮೇಲೆ. ಓಟಿನ ದಿನ ಅವಳು ಮಿಂದು, ಮಡಿ ಸೀರೆ ಉಟ್ಟು ಬೆಳಿಗ್ಗೆಯಿಂದ ಮತಗಟ್ಟೆಯ ಹತ್ತಿರವೇ ಇದ್ದಳು. ಮಂಡಿಯಲ್ಲಿ ಏನು ನಡೆಯಿತು ಅಂತ ಕೇಳಿರಲಿಲ್ಲ. ಈಗ ಕೇಳಿದಳು.

"ಯಾವಾಗ್ಲೂ ಓಟಿನ ದಿನ ರಜ ಕೊಡೋನು, ಈ ಸಲ ಲೋಡ್ ಹೋಗ್ಬೇಕು, ಹತ್ತು ಗಂಟೆಗಂಟ ಸುಲಿದುಬುಡಿ ಅಂದ," ಅಂದಳು ಚಿಕ್ಕಗೌರಮ್ಮ. "ಆಮೇಲೆ ಟೆಂಪೋ ತಂದು ನಿಲ್ಸಿ, ಹತ್ತಿ ಹತ್ತಿ, ಕ್ಯೂ ಜಾಸ್ತಿಯಾಯ್ತದೆ ಅಂದ. ಕೈ ತೊಳೆಯಾಣ ಅಂದ್ರೆ ತೊಟ್ಟೀಲಿ ನೀರಿಲ್ಲ. ಮೋಟ್ರು ಸುಟ್ಟೋಗೈತೆ, ನಾರಲ್ಲಿ ಒರೆಸ್ಕಳ್ರಮ್ಮ ಅಂದ."

"ಸೋಪು?"

"ಸೋಪೂ ಇರ್ಲಿಲ್ಲ ಕಣೇ ಅವತ್ತು."

ಕೊಬ್ಬರಿ ಎಣ್ಣೆ ನಾರಿನಲ್ಲಿ ಒರೆಸಿದರೆ ಹೋಗುವುದಿಲ್ಲ, ಇನ್ನೂ ಚರ್ಮದೊಳಕ್ಕೆ ಇಳಿಯುತ್ತದೆ. ಅದು ಆ ಸೀಮೆಯ ಮಕ್ಕಳಿಗೂ ಗೊತ್ತು. ಮೂವತ್ತು ವರ್ಷ ಮಂಡಿ ಇಟ್ಟವನಿಗೆ ಗೊತ್ತಿರದೆ ಇರುತ್ತದೆಯೇ?

ಅನುಮಾನಕ್ಕೆ ಜಾಗವಿರದ ಹಾಗೆ ಮಾಡಿದವನೂ ಗಂಗರಾಜುವೇ. ಗೆದ್ದ ನಾಲ್ಕನೇ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ಮಂಡಿಗೆ ಬಂದ. ಎಲ್ಲರಿಗೂ ಮೈಸೂರು ಪಾಕು ಕೊಡಿಸಿದ. ಹೊಂಬಾಳಮ್ಮನ ಮುಂದೆ ನಿಂತು, "ಸೋತೋರ ಮೇಲೆ ನಂಗೇನಮ್ಮ ದ್ವೇಷ? ಕೆಲಸಕ್ಕೆ ಬಾ ನೀನು, ನಿನ್ನ ಜಾಗ ನಿಂಗೇ," ಅಂದ. ಆಮೇಲೆ ತಡೆದುಕೊಳ್ಳಲಾರದೆ, ಪರಮೇಶನ ಕಡೆ ತಿರುಗಿ ಕಣ್ಣು ಮಿಟುಕಿಸಿ ಹೇಳಿದ: "ಅಲ್ಲಾ, ಎಣ್ಣೆ ಕೈಲಿ ಏಣಿ ಹತ್ತಿದ್ರೆ ಜಾರದೆ ಇರ್ತದೇನ್ಲಾ?"

ಪರಮೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಂಬಾಳಮ್ಮ ಮೈಸೂರು ಪಾಕನ್ನು ತಿನ್ನಲಿಲ್ಲ, ಎಸೆಯಲೂ ಇಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಮನೆಗೆ ಬಂದು ನಾಯಿಗೆ ಹಾಕಿದಳು. ನಾಯಿ ತಿನ್ನುವವರೆಗೂ ನಿಂತು ನೋಡಿದಳು.

ಮಗಳು ಯೋಗಿತಾ ತಿಪಟೂರಿನಲ್ಲಿ ಬಿ.ಕಾಂ. ಕೊನೇ ವರ್ಷ ಓದುತ್ತಿದ್ದಳು. ಅವಳಿಗೆ ಇನ್ನೂ ಕಾನೂನಿನ ಮೇಲೆ ನಂಬಿಕೆ ಇತ್ತು. "ಮೂವತ್ತು ದಿನದೊಳಗೆ ಕೋರ್ಟಿಗೆ ಹಾಕ್ಬೋದು ಅಮ್ಮ. ಚೀಟಿಗಳನ್ನ ಸುಟ್ಟಿರಲ್ಲ, ಸೀಲ್ ಮಾಡಿ ಇಟ್ಟಿರ್ತಾರೆ. ಮತ್ತೆ ತೆಗೆಸಿ ನೋಡ್ಬೋದು," ಅಂತ ಹಠ ಹಿಡಿದು ವಕೀಲ ಮರುಳಪ್ಪನವರ ಹತ್ತಿರ ಕರೆದುಕೊಂಡು ಹೋದಳು.

ಮರುಳಪ್ಪ ಒಳ್ಳೆಯ ಮನುಷ್ಯ. ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸುತ್ತ, "ಆ ಕಲೆ ಯಾರದು ಅಂತ ಯಾರಿಂದಲೂ ಹೇಳೋಕಾಗಲ್ಲ ಅಂತ ನಾವು ವಾದ ಮಾಡ್ಬೇಕು. ಆಗ ಅದು ಗುರುತಲ್ಲ, ಬರೀ ಕೊಳೆ," ಅಂದರು.

"ಯಾಕಾಗಲ್ಲ? ನಂಗೊತ್ತು ಸಾಮಿ," ಅಂದಳು ಹೊಂಬಾಳಮ್ಮ. "ಮೊದಲ್ನೇದು ಚಿಕ್ಕಗೌರಮ್ಮಂದು. ಹತ್ತೊಂಬತ್ತು ಜನಾನೂ ಕರ್ಕಂಬತ್ತೀನಿ. ಇದು ನನ್ ಬೆರಳು, ನನ್ ಓಟು ಅಂತ ಜಡ್ಜ್ ಮುಂದೆ ಹೇಳ್ತಾರೆ."

ಮರುಳಪ್ಪ ಕನ್ನಡಕ ಹಾಕಿಕೊಂಡರು. "ಹಂಗೆ ಹೇಳಿದ್ರೆ ಮುಗೀತಲ್ಲಮ್ಮ. ಕಲೆ ನೋಡಿದ್ರೆ ಓಟು ಯಾರದು ಅಂತ ಗೊತ್ತಾಗ್ತದೆ ಅಂತ ನೀವೇ ಒಪ್ಕೊಂಡಂಗಾಯ್ತು. ಗುರುತು ಅಂದಿದ್ದು ಸರಿ, ತಿರಸ್ಕಾರ ಮಾಡಿದ್ದೂ ಸರಿ."

"ಸುಮ್ಕಿದ್ರೆ?"

"ಸುಮ್ನಿದ್ರೆ ಸಾಕ್ಷಿ ಇಲ್ಲ."

ಹೊಂಬಾಳಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರೂ ತಡೆಯಲಾಗಲಿಲ್ಲ. "ನಂದು ಅಂದ್ರೂ ನಂದಲ್ಲ, ನಂದಲ್ಲ ಅಂದ್ರೂ ನಂದಲ್ಲ. ಎಷ್ಟು ಚೆನ್ನಾಗಿ ಹೊಲಿದವ್ರೆ ಸಾಮಿ ಇದನ್ನ! ಬರ್ತೀವಿ ಬುಡಿ."

"ಹಾಕೋಣ ಅಮ್ಮ, ಪ್ರಯತ್ನ ಮಾಡಬೋದು. ವರ್ಷ ಎರಡು ವರ್ಷ ಹಿಡೀತದೆ..."

"ಅಷ್ಟು ದಿನ ಅವ್ನು ಕುರ್ಚಿ ಮೇಲೆ ಕೂತಿರ್ತಾನೆ, ನಾವು ನಿಮ್ ಬೆಂಚಿನ ಮೇಲೆ ಕೂತಿರ್ತೀವಿ."

ವಾಪಸ್ ಬರುವಾಗ ಯೋಗಿತಾ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಹೊಂಬಾಳಮ್ಮ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ಬೆನ್ನು ಸವರಿದಳು. ಮಗಳನ್ನು ಸಮಾಧಾನ ಮಾಡುತ್ತಿದ್ದ ಕೈ ಮೆತ್ತಗಿತ್ತು. ಒಳಗೆ ಮಾತ್ರ ಬೇರೆ ಏನೋ ಗಟ್ಟಿಯಾಗುತ್ತಿತ್ತು. ಅವಳು ಪಂಚಾಯಿತಿಯನ್ನು ನಂಬಿದ್ದಳು, ಪೆಟ್ಟಿಗೆಯನ್ನು ನಂಬಿದ್ದಳು. ಹದಿನೆಂಟು ತುಂಬಿದಾಗಿನಿಂದ ಒಂದು ಓಟೂ ತಪ್ಪಿಸಿದವಳಲ್ಲ. ಬಾಣಂತನದಲ್ಲೂ ಹಸುಗೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಬಂದವಳು. ಆ ಕೂಸೇ ಈಗ ಹೆಗಲ ಮೇಲೆ ಬಿಕ್ಕುತ್ತಿತ್ತು. ಕಿಬ್ಬನಹಳ್ಳಿ ಕಡೆಯಿಂದ ಬಂದ ಕಾಯಿ ಲಾರಿಯೊಂದು ಎದುರಿಗೆ ಹಾದುಹೋಯಿತು. ಅದನ್ನು ನೋಡುತ್ತಲೇ ಏನು ಮಾಡಬೇಕು ಅಂತ ಅವಳಿಗೆ ಹೊಳೆಯಿತು.

ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿ ಇಳಿಸಿ, ಸಿಪ್ಪೆ ತೆಗೆದ ಮೇಲೆ, ಚಿಪ್ಪು ಒಡೆಯುವುದು ಹೆಂಗಸರ ಕೆಲಸ. ಮಚ್ಚಿನ ಹಿಂಬದಿಯಿಂದ ಸುತ್ತ ಮೆಲ್ಲಗೆ ತಟ್ಟಿ, ಬಿರುಕು ಬಿಟ್ಟ ಕಡೆ ಮೊನೆ ಕೊಟ್ಟು ಎಬ್ಬಿಸಿದರೆ ಚಿಪ್ಪು ಕಳಚಿ, ಒಳಗಿನ ಕೊಬ್ಬರಿ ಉಂಡೆ ಇಡಿಯಾಗಿ ಕೈಗೆ ಬರಬೇಕು. ಒಂದು ಗೀರು ಬಿದ್ದರೂ ಆಗದು. ಗೀರಿನಲ್ಲಿ ತೇವ ಕೂರುತ್ತದೆ, ಚೀಲದೊಳಗೆ ಇಪ್ಪತ್ತು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಆಮೇಲೆ ಅದನ್ನು ಎಣ್ಣೆ ಗಾಣದವನೂ ಮೂಗು ಮುರಿಯುತ್ತಲೇ ಖರೀದಿಸಬೇಕು.

ಸರ್ಕಾರದ ಖರೀದಿ ಕೇಂದ್ರ ಇನ್ನೊಂದು ತಿಂಗಳಿಗೆ ತೆರೆಯುವುದಿತ್ತು. ಅಲ್ಲಿ ಬೆಂಬಲ ಬೆಲೆ. ರೈತರಿಂದ ಮಾತ್ರ ಕೊಳ್ಳುತ್ತಾರೆ, ವ್ಯಾಪಾರಿಗಳಿಂದ ಇಲ್ಲ. ಅದಕ್ಕೆ ಗಂಗರಾಜು ಪ್ರತಿ ವರ್ಷ ಮಾಡುವ ಹಾಗೆ ಊರಿನ ಎಂಟು ಜನ ರೈತರ ಪಹಣಿ ಇಸಿದುಕೊಂಡು, ತನ್ನ ಅರವತ್ತು ಚೀಲವನ್ನು ಅವರ ಹೆಸರಿನಲ್ಲಿ ಬರೆಸಿದ್ದ. ಚುನಾವಣೆಗೂ ಮುಂಚೆಯೇ ಬರೆಸಿದ ಆ ಪಟ್ಟಿಯಲ್ಲಿ ಹೊಂಬಾಳಮ್ಮನ ಗಂಡ ಕೆಂಪಯ್ಯನ ಹೆಸರೂ ಇತ್ತು. ಆ ಅರವತ್ತು ಚೀಲ ಸುಲಿಯುವುದಕ್ಕೇ ಅವನಿಗೆ ಈ ಕೈಗಳು ಬೇಕಾಗಿದ್ದವು. ಮೈಸೂರು ಪಾಕು ಅದಕ್ಕೇ.

ಮತ್ತೆ ಮಂಡಿಯ ಕೆಲಸಕ್ಕೆ ಹೋದ ದಿನ ಬುತ್ತಿ ಬಿಚ್ಚಿದ ಹೊತ್ತಿನಲ್ಲಿ, ಪರಮೇಶ ಊಟಕ್ಕೆ ಹೋದ ಮೇಲೆ, ಹೊಂಬಾಳಮ್ಮ ಹೆಂಗಸರಿಗೆ ಹೇಳಿದಳು. ಒಂದೊಂದು ಉಂಡೆಗೆ ಒಂದು ಗೀರು. ಕಣ್ಣಿಗೆ ಕಾಣದಷ್ಟು ಸಣ್ಣದು. ಚೀಲದ ಬಾಯಿಗೆ ಮಾತ್ರ ಒಳ್ಳೆಯವು.

ಚಿಕ್ಕಗೌರಮ್ಮ ಮುದ್ದೆ ಕೆಳಗಿಟ್ಟಳು. "ಮೂವತ್ತು ವರ್ಷದಿಂದ ನನ್ ಕೈಲಿ ಒಂದು ಕೊಬ್ಬರಿಗೆ ಗಾಯ ಆಗಿಲ್ಲ ಕಣೇ. ಅವನ ಮ್ಯಾಲಿನ ಸಿಟ್ಟಿಗೆ ಕಾಯಿ ಮ್ಯಾಲೆ ಯಾಕೆ ಕೈ ಮಾಡುಸ್ತೀಯ? ಅದೇನು ಮಾಡೈತೆ?"

"ನಿನ್ ಓಟು ಏನು ಮಾಡಿತ್ತಕ್ಕ?"

ಹೊಂಬಾಳಮ್ಮ ಅವಳ ಹೆಬ್ಬೆರಳು ಹಿಡಿದು ಎತ್ತಿದಳು.

"ಲೈಟಿಗೆ ಹಿಡಿದ್ರು. ನಿನ್ ಬೆರಳ ಸೀಳು ನಾನು ಕಂಡೆ. ಈಟು ದೂರದಿಂದ ಕಂಡೆ. ಕೊಳೆ ಅಂತ ತೆಗೆದು ಆಚೆಗಿಟ್ರು. ಮೂವತ್ತು ವರ್ಷ ಅವನ ಕೊಬ್ಬರಿಗೆ ಗಾಯ ಆಗ್ದಂಗೆ ನೋಡ್ಕಂಡ ಕೈ ಅಕ್ಕ ಅದು. ಅದನ್ನೇ ನಂಬ್ಕಂಡು ಅವ್ನು ಈ ಆಟ ಆಡಿದ್ದು. ನಿನ್ ಕೆಲಸಾನೇ ಹಿಡಿದು ನಿನ್ ಕುತ್ಗೆ ಕುಯ್ದ."

ಚಿಕ್ಕಗೌರಮ್ಮ ತನ್ನ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಕೈ ತೊಳೆದು ಬಂದು ಮಚ್ಚು ಎತ್ತಿಕೊಂಡಳು.

"ಎಲ್ಲಿ ಹೊಡೀಬೇಕು, ತೋರ್ಸು."

ಮೊದಲ ಉಂಡೆಗೆ ಮೊನೆ ತಾಗಿಸುವಾಗ ಅವಳು ಕಣ್ಣು ಮುಚ್ಚಿಕೊಂಡಳು, ಮಗುವಿಗೆ ಸೂಜಿ ಚುಚ್ಚಿಸುವಾಗ ತಾಯಿ ಮುಚ್ಚಿಕೊಳ್ಳುವ ಹಾಗೆ. ಎರಡನೆಯದಕ್ಕೂ ಮುಚ್ಚಿಕೊಂಡಳು. ಹತ್ತನೆಯದಕ್ಕೆ ತೆರೆದುಕೊಂಡೇ ಇದ್ದಳು. ಸಂಜೆ ಹೊತ್ತಿಗೆ, "ಇದು ಅವನ ಹಾರಕ್ಕೆ, ಇದು ಅವನ ಪಟಾಕಿಗೆ," ಅನ್ನುತ್ತ ತಟ್ಟುತ್ತಿದ್ದಳು. ಹೆಂಗಸರು ಮುಸಿಮುಸಿ ನಗುತ್ತಿದ್ದರು. ಆರು ದಿನ ಹಾಗೇ ನಡೆಯಿತು. ಗಂಗರಾಜು ದಿನಾ ಬಂದು ಚೀಲದ ಬಾಯಿಗೆ ಕೈ ಹಾಕಿ ನಾಲ್ಕು ಉಂಡೆ ತೆಗೆದು ನೋಡಿ, "ಹೂವಿನಂಗೈತೆ," ಅಂತ ಹೊಗಳಿ ಹೋಗುತ್ತಿದ್ದ.

ಯೋಗಿತಾಗೆ ಹೇಗೋ ಗೊತ್ತಾಯಿತು. ಭಾನುವಾರ ಜಗಲಿಯ ಮೇಲೆ ತಲೆ ಬಾಚಿಸಿಕೊಳ್ಳುತ್ತ ಕೇಳಿದಳು. "ಅಮ್ಮ, ಅವನು ಮಾಡಿದ್ದನ್ನೇ ನೀವೂ ಮಾಡ್ತಿದ್ದೀರಲ್ಲ?"

"ಹೂಂ ಮಗಳೇ. ಅದನ್ನೇ."

"ಮೋಸ ಅಲ್ವಾ?"

ಹೊಂಬಾಳಮ್ಮ ಸಿಕ್ಕು ಬಿಡಿಸುತ್ತಿದ್ದಳು. ನೋವಾಗದ ಹಾಗೆ ಕೂದಲಿನ ಬುಡ ಹಿಡಿದು, ಬಾಚಣಿಗೆಯನ್ನು ಸಣ್ಣಗೆ ಎಳೆದಳು. "ಮೋಸವೇ. ನಾನೇನು ಒಳ್ಳೇ ಕೆಲಸ ಅಂದ್ನಾ? ಅವ್ನು ಮಾಡಿದ್ದಕ್ಕೆ ಕಾನೂನು ಅಂತ ಹೆಸರಿಟ್ರು. ನಾನು ಮಾಡಿದ್ದಕ್ಕೆ ಏನು ಹೆಸರಿಡ್ತಾರೋ ಇಡ್ಲಿ. ತಲೆ ಬಗ್ಸು."

"ನಂಗೂ ಮುಂದಿನ ಸಲ ಓಟು ಹಾಕೋಕೆ ಬ್ಯಾಡ ಅಂತೀಯಾ?"

"ಬ್ಯಾಡ ಅನ್ನಲ್ಲ. ಹಾಕು ಅಂತ ಹೇಳೋ ಬಾಯಿ ಮಾತ್ರ ನಂಗೀಗ ಇಲ್ಲ." ಜಡೆ ಬಿಗಿದು ಕಟ್ಟಿದಳು. ಎಂದಿಗಿಂತ ಬಿಗಿಯಾಯಿತೇನೋ, ಹುಡುಗಿ ಅಮ್ಮಾ ಅಂದಳು. ಸಡಿಲ ಮಾಡಿ ಮತ್ತೆ ಕಟ್ಟಿದಳು.

ಖರೀದಿಯ ದಿನ ರೈತರೇ ಬಂದು ನಿಲ್ಲಬೇಕಾದ್ದರಿಂದ ಗಂಗರಾಜು ಎಂಟು ಜನರನ್ನೂ ಟೆಂಪೋದಲ್ಲಿ ಕರೆತಂದಿದ್ದ. ಹೊಂಬಾಳಮ್ಮ ಗಂಡನ ಜೊತೆಗೆ ಬಂದಳು. ಗಂಗರಾಜು ದೂರದಲ್ಲಿ, ತನ್ನ ಕಾರಿಗೆ ಒರಗಿ, ಯಾರಿಗೂ ಸಂಬಂಧವಿಲ್ಲದವನ ಹಾಗೆ ಫೋನು ನೋಡುತ್ತ ನಿಂತಿದ್ದ. ಪಟ್ಟಿಯಲ್ಲಿ ಮೊದಲ ಹೆಸರೇ ಕೆಂಪಯ್ಯನದು.

ಮಾಲು ನೋಡುವವನು ಚೀಲದ ಬಾಯಿ ನೋಡಲಿಲ್ಲ. ತಳ ಹಿಡಿದು ನೆಲಕ್ಕೆ ಸುರಿದ. ಹಸಿರು, ಬೂದಿ ಬಣ್ಣದ ಬೂಷ್ಟು ಹಿಡಿದ ಉಂಡೆಗಳು ಉರುಳಿ ಬಂದವು. ಒಂದನ್ನು ಎತ್ತಿ ಮೂಸಿ ಮುಖ ಹಿಂಡಿದ. ಎರಡನೇ ಚೀಲ, ಮೂರನೇ ಚೀಲ. ಎಲ್ಲ ಅದೇ.

"ಯಾರ್ರೀ ಕೆಂಪಯ್ಯ? ಇದು ನಿಮ್ಮದಾ?"

ಕೆಂಪಯ್ಯ ಮಾತು ಕಮ್ಮಿ ಆಡುವ ಮನುಷ್ಯ. ಹೆಂಡತಿ ಏನೂ ಹೇಳಿಕೊಟ್ಟಿರಲಿಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದ: "ಕಾಗದದಲ್ಲಿ ನಂದು ಸಾಮಿ. ಚೀಲದಲ್ಲಿರೋದು ಯಾರದೋ ನಂಗೊತ್ತಿಲ್ಲ."

ಸುತ್ತ ನಿಂತಿದ್ದ ರೈತರೆಲ್ಲ ಗೊಳ್ಳೆಂದರು. ಉಳಿದ ಏಳು ಜನರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಮಾಲು ನೋಡುವವನಿಗೆ ಸಿಟ್ಟು ಬಂತು. "ಮತ್ತೆ ಯಾರದ್ರೀ? ಅರವತ್ತು ಚೀಲ ಆಕಾಶದಿಂದ ಬಿತ್ತಾ? ಮಾಲೀಕ ಯಾರಿದ್ದೀರಿ, ಮುಂದೆ ಬನ್ನಿ!"

ಹೊಂಬಾಳಮ್ಮ ತಿರುಗಿ ಗಂಗರಾಜುವನ್ನೇ ನೋಡಿದಳು. ಅವನು ಅವಳನ್ನು ನೋಡಿದ. ನಂದು ಅಂದರೆ ವ್ಯಾಪಾರಿ ರೈತರ ಹೆಸರಲ್ಲಿ ತಂದ ಅಂತ ಕೇಸು. ನಂದಲ್ಲ ಅಂದರೆ ಮಾಲೇ ಹೋಯಿತು. ಅವನು ಫೋನನ್ನು ಜೇಬಿಗಿಟ್ಟು ಮತ್ತೆ ಹೊರಗೆ ತೆಗೆದದ್ದು ಅಷ್ಟು ದೂರದಿಂದಲೂ ಅವಳಿಗೆ ಕಂಡಿತು. ಅವಳು ಕಣ್ಣು ಮಿಟುಕಿಸಲಿಲ್ಲ. ಒಂದು ಗಳಿಗೆಯನ್ನೂ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

"ಮೆಂಬರ್ರೇ," ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. "ನಮ್ ವಾರ್ಡಿನ ಮೆಂಬರ್ರು ನೀವಲ್ವಾ? ಬಡವರು ಕಷ್ಟದಲ್ಲಿದ್ದೀವಿ. ಇದು ಯಾರದು ಅಂತ ಒಂದು ಮಾತು ಹೇಳಿ ಬುಡ್ಸಿ!"

ಗಂಗರಾಜು ಕಾರು ಹತ್ತಿ ಹೊರಟುಹೋದ. ಅರವತ್ತು ಚೀಲ ಅಂಗಳದಲ್ಲೇ ಬಿದ್ದಿದ್ದು, ಎರಡು ದಿನದ ಮೇಲೆ ಮಳೆಯಲ್ಲಿ ನೆನೆಯಿತು.

ಆ ಸಂಜೆ ಕೆಳಗಿನ ಬೀದಿಯಲ್ಲಿ ಪಾಯಸ ಮಾಡಿದರು. ಹೊಂಬಾಳಮ್ಮನೂ ಕುಡಿದಳು. ಹೊಟ್ಟೆ ತಣ್ಣಗಾಯಿತು ಅಂದುಕೊಂಡಳು. ಆದರೆ ವಾರ ಕಳೆಯುವುದರೊಳಗೆ ಗಂಗರಾಜು ಅಧ್ಯಕ್ಷನಾದ ಸುದ್ದಿ ಬಂತು. ಮತ್ತೆ ಪಟಾಕಿ. ಒಳಗಿನ ಕೆಂಡ ಆರಿಲ್ಲ, ಮೇಲೆ ಬೂದಿ ಕಟ್ಟಿತ್ತು ಅಷ್ಟೇ ಅಂತ ಅವಳಿಗೆ ಗೊತ್ತಾಯಿತು. ಅವನ ಕೊಬ್ಬರಿ ಹೋದರೆ ಏನು ಬಂತು? ಕುರ್ಚಿ ಅವನ ಕೆಳಗೇ ಇತ್ತು.

ಮೊದಲ ಗ್ರಾಮಸಭೆಗೆ ಕೆಳಗಿನ ಬೀದಿಯಿಂದ ಒಬ್ಬರೂ ಹೋಗಲಿಲ್ಲ. ಹಾಜರಾತಿ ಸಾಲದೆ, ಪಂಚಾಯಿತಿ ಗುಮಾಸ್ತ ರಿಜಿಸ್ಟರು ಹಿಡಿದು ಮನೆಮನೆಗೆ ಬಂದ. "ಒಂದು ಸಹಿ ಹಾಕ್ಬುಡಿ ಅಮ್ಮ, ಸಭೆ ನಡೆದಂಗೆ ತೋರ್ಸ್‌ಬೇಕು."

"ಎಣ್ಣೆ ಕೈ ಸಾರ್," ಅಂದಳು ಚಿಕ್ಕಗೌರಮ್ಮ ಎರಡೂ ಕೈ ಮುಂದೆ ಚಾಚಿ. "ರಿಜಿಸ್ಟ್ರಿಗೆ ಗುರುತು ಬಿದ್ದು ಕ್ಯಾನ್ಸಲ್ ಆದ್ರೆ?" ಮುಂದಿನ ಮನೆಯವಳೂ ಅದನ್ನೇ ಅಂದಳು. ಅದರ ಮುಂದಿನವಳೂ.

ಮಂಡಿಗೂ ಯಾರೂ ಹೋಗಲಿಲ್ಲ. ಸುಲಿಯುವ ಕೆಲಸಕ್ಕೆ ಹೊನ್ನವಳ್ಳಿ ಕಡೆಯ ತೋಟದವರೇ ನೇರವಾಗಿ ಕರೆಯತೊಡಗಿದ್ದರು. ಟೆಂಪೋ ಮೂರು ದಿನ ಬೀದಿಯ ತುದಿಯಲ್ಲಿ ಹಾರನ್ ಹೊಡೆದು ಖಾಲಿ ಹೋಯಿತು. ನಾಲ್ಕನೇ ದಿನ ಗಂಗರಾಜುವೇ ಬಂದ. ಓಟು ಕೇಳಲು ಬಂದದ್ದು ಬಿಟ್ಟರೆ ಅವನು ಆ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು.

ಹೊಂಬಾಳಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಏಳಲಿಲ್ಲ. ಕೂತುಕೋ ಅನ್ನಲಿಲ್ಲ.

"ಆಯ್ತು ಕಣಮ್ಮ," ಅಂದ ಅವನು. "ನೀನು ಮಾಡಿದ್ದು ನೀನು ಮಾಡ್ದೆ, ನಾನು ಮಾಡಿದ್ದು ನಾನು ಮಾಡ್ದೆ. ನಾನು ಪೊಲೀಸಿಗೆ ಹೋಗ್ಲಿಲ್ಲ, ನೋಡು."

"ಹೋಗು. ಮಾಲು ಯಾರದು ಅಂತ ಬರ್ಕೊಡು, ಹೋಗು."

ಅವನು ದನಿ ತಗ್ಗಿಸಿದ. "ಇನ್ನೂರು ಚೀಲ ಕಾಯಿ ಬಿದ್ದೈತೆ. ಹಾಳಾಗ್ತದೆ. ಕೂಲಿ ಜಾಸ್ತಿ ಕೊಡ್ತೀನಿ. ಮುಂದಿನ ಸಲ ನೀನೇ ನಿಂತ್ಕ, ನಾನೇ ಗೆಲ್ಲುಸ್ತೀನಿ. ಸರ್ಕಾರದ ಲೆಕ್ಕದಲ್ಲಿ ನಾನು ಈ ಊರಿಗೆ ಅಧ್ಯಕ್ಷ ಕಣಮ್ಮ, ನನ್ ಹತ್ರ ಹಿಂಗಿದ್ರೆ ನಿಮ್ಗೇ ತೊಂದರೆ."

"ಸರ್ಕಾರಕ್ಕೆ ಅಧ್ಯಕ್ಷ. ಈ ಬೀದಿಗಲ್ಲ."

ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತಿದ್ದರು. ಯೋಗಿತಾ ಒಳಗಿನಿಂದ ಬಂದು ತಾಯಿಯ ಪಕ್ಕ ಕೂತು, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ಅವಳೂ ಕಾಯಿ ಬಿಡಿಸತೊಡಗಿದಳು.

"ಕೊನೇದಾಗಿ ಕೇಳ್ತಿವ್ನಿ," ಅಂದ ಗಂಗರಾಜು. "ಬತ್ತೀರೋ ಇಲ್ವೋ?"

ಹೊಂಬಾಳಮ್ಮ ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದಳು.

"ನಮ್ಮನ್ನ ಯಾಕೆ ಕರೀತೀಯ? ನಿಂಗೆ ಇನ್ನೂರ ಹನ್ನೆರಡು ಜನ ಅವ್ರಲ್ಲ. ಒಂದೂ ಕೊಳೆ ಇಲ್ಲದ ಕೈ. ಅವರ ಮನೆ ಬಾಗಿಲಿಗೆ ಹೋಗಿ ನಿಂತ್ಕ. ಬಂದು ಸುಲಿದುಕೊಡ್ಲಿ."

ಅವನು ಇನ್ನೂ ನಿಂತಿದ್ದ. ಅವಳು ಮತ್ತೊಂದು ಅವರೆಕಾಯಿ ಎತ್ತಿಕೊಂಡು, ಬೆನ್ನು ಸೀಳಿ, ಹುಳ ಇದೆಯೇ ಅಂತ ನೋಡಿದಳು.